ಸಹಾಯ ಬೇಕು: ಭಾರ ಎಳೆಯುವಾಗ ಪಿಕಪ್‌ನ ಹಿಂದಿನ ಚಕ್ರ ಕುಣಿಯುತ್ತದೆ

ಎಲ್ಲರಿಗೂ ನಮಸ್ಕಾರ. ಪುಣೆಯ ಭೋಸರಿಯಲ್ಲಿ ನಮ್ಮದೊಂದು ಚಿಕ್ಕ ಗ್ಯಾರೇಜ್ ಇದೆ. ಚಾಕಣ್ ಕಡೆ ಮಣ್ಣಲ್ಲಿ ಹೂತ ಗಾಡಿಗಳನ್ನು ಎಳೆಯೋದಕ್ಕೆ ಒಂದು ಹಳೇ ಫೋರ್ ವೀಲ್ ಡ್ರೈವ್ ಪಿಕಪ್ ಇಟ್ಟಿದ್ದೇವೆ. ಹಿಂದೆ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟ್‌ಗಳು), ಆಕ್ಸಲ್‌ಗೂ ಸ್ಪ್ರಿಂಗ್‌ಗೂ ನಡುವೆ ಎತ್ತರಕ್ಕೆ ಅಂತ 2 ಇಂಚಿನ ಬ್ಲಾಕ್.

ಸರಪಳಿ ಬಿಗಿಯಾಗಿ ಭಾರ ಬಿದ್ದ ತಕ್ಷಣ ಹಿಂದಿನ ಚಕ್ರ ಧಡಧಡ ಅಂತ ಕುಣಿಯೋಕೆ ಶುರು. ಪಕ್ಕದಲ್ಲಿ ಕೂತು ನೋಡಿದರೆ ಡಿಫರೆನ್ಷಿಯಲ್ ಮೂತಿ (ಆಕ್ಸಲ್ ನಡುವಿನ ಗೇರ್ ಡಬ್ಬಿಯ ಮುಂದಿನ ತುದಿ) ಮೇಲಕ್ಕೆ ಏಳುತ್ತದೆ, ಪ್ಲೇಟ್‌ಗಳು ಎಸ್ ಆಕಾರಕ್ಕೆ ತಿರುಚಿಕೊಳ್ಳುತ್ತವೆ, ಟೈರ್ ಹಿಡಿತ ಬಿಟ್ಟ ಕೂಡಲೇ ಫಟ್ ಅಂತ ವಾಪಸ್, ಮತ್ತೆ ಅದೇ. ಡ್ರೈವ್ ಶಾಫ್ಟ್‌ನ ಕೀಲು, ಅಂದರೆ ಒಂದು ಯೂನಿವರ್ಸಲ್ ಜಾಯಿಂಟ್, ಆಗಲೇ ಹೋಯ್ತು.

ಬುಷ್ ಹೊಸದು ಹಾಕಿದೆ, ಯು ಬೋಲ್ಟ್ ಬಿಗಿ ಮಾಡಿದೆ, ಶಾಕ್ ಬದಲಿಸಿದೆ. ಟೈರ್ ಗಾಳಿ ಇಳಿಸಿದರೆ ಸ್ವಲ್ಪ ಕಡಿಮೆ ಆಗುತ್ತದೆ ಅಷ್ಟೇ. ಇಲ್ಲಿನ ಮೇಸ್ತ್ರಿ ಸುಮ್ನೆ ಇನ್ನೆರಡು ಪ್ಲೇಟ್ ಜಾಸ್ತಿ ಹಾಕಿ ಅಂತಾರೆ. ಖಾಲಿ ಗಾಡಿ ಆಮೇಲೆ ಎತ್ತಿನಗಾಡಿ ಥರ ಆಗುತ್ತದೆ, ಅದು ಬೇಡ.

ಅಮೆರಿಕದ ಎಳೆಯುವ ಸ್ಪರ್ಧೆಯ ಟ್ರಕ್‌ಗಳಲ್ಲಿ ಹಿಂದಿನ ಸಸ್ಪೆನ್ಷನ್ ಅಲುಗದಂತೆ ಕಟ್ಟಿಬಿಡುವುದುಂಟು. ನಮ್ಮದು ದಿನಾ ರಸ್ತೆ ಮೇಲೂ ಓಡಬೇಕಲ್ವಾ, ಹಾಗಾಗಿ ಟ್ರ್ಯಾಕ್ಷನ್ ಬಾರ್ (ಆಕ್ಸಲ್ ತಿರುಚಿಕೊಳ್ಳದಂತೆ ಅದನ್ನು ಚಾಸಿಗೆ ಜೋಡಿಸುವ ಸರಳು) ಮಾಡಿಸೋಣ ಅಂತಿದ್ದೇನೆ. ಗೊಂದಲ ಇರೋದು ಇಲ್ಲೇ: ಬಾರ್‌ನ ಮುಂದಿನ ತುದಿಯನ್ನು ಚಾಸಿಗೆ ನೇರ ಬೋಲ್ಟ್ ಮಾಡಿದರೆ ಸ್ಪ್ರಿಂಗ್ ಮೇಲೆ ಕೆಳಗೆ ಆಡುವಾಗ ಜಾಮ್ ಆಗಲ್ವಾ? ಅಲ್ಲಿ ಶ್ಯಾಕಲ್ (ಹಿಂದೆ ಮುಂದೆ ತೂಗಾಡುವ ಕೊಂಡಿ) ಕೊಡಲೇಬೇಕಾ? ಬಾರ್ ಎಷ್ಟು ಉದ್ದ ಇರಬೇಕು, ಎರಡೂ ಕಡೆ ಬೇಕಾ ಒಂದೇ ಸಾಕಾ? ಮಾಡಿಸಿದವರು ಇದ್ದರೆ ಅಳತೆ, ಫೋಟೋ ಹಾಕಿ.