‘ಕೆಲಸ ಬಿಟ್ಟು ಕೇಜ್‌ಗೆ ಇಳಿಯುತ್ತೇನೆ ಅನ್ನುತ್ತಾನೆ ಮಗ’: ಓದುಗರ ಸ್ಪಂದನ

ಕಳೆದ ವಾರ ಹಾಸನದ ತಾಯಿಯೊಬ್ಬರು ಬರೆದಿದ್ದರು. ಮಗನಿಗೆ 24 ವರ್ಷ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಎರಡು ವರ್ಷದಿಂದ ಆಫೀಸ್ ಮುಗಿಸಿಕೊಂಡು ಎಂ.ಎಂ.ಎ. (ಬಾಕ್ಸಿಂಗ್, ಕಿಕ್, ಕುಸ್ತಿ ಎಲ್ಲ ಸೇರಿದ, ಕೇಜ್ ಒಳಗೆ ಆಡುವ ಕಾಳಗ) ಕಲಿಯುತ್ತಿದ್ದಾನೆ. ಮೂರು ಅಮೆಚೂರ್ ಫೈಟ್ ಆಡಿದ್ದಾನೆ, ಎರಡು ಗೆದ್ದಿದ್ದಾನೆ, ಒಂದರಲ್ಲಿ ಮೂಗು ಮುರಿದುಕೊಂಡಿದ್ದಾನೆ. ಈಗ ರಾಜೀನಾಮೆ ಕೊಟ್ಟು ಪ್ರೊಫೆಷನಲ್ ಆಗುತ್ತೇನೆ ಅನ್ನುತ್ತಾನೆ. ತಂದೆ ಅವನ ಜೊತೆ ಮಾತು ಬಿಟ್ಟಿದ್ದಾರೆ. ‘ನಾನು ಯಾರ ಕಡೆ ನಿಲ್ಲಲಿ?’ ಎಂಬುದು ತಾಯಿಯ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಅಮ್ಮಾ, ನಿಮ್ಮ ಮಗ ಈಗ ಎಲ್ಲಿ ನಿಂತಿದ್ದಾನೋ ಅಲ್ಲೇ ನಾನು ಏಳು ವರ್ಷದ ಹಿಂದೆ ನಿಂತಿದ್ದೆ. 25ನೇ ವಯಸ್ಸಿಗೆ ಕೆಲಸ ಬಿಟ್ಟೆ. ನಾಲ್ಕು ಪ್ರೊ ಫೈಟ್ ಆಡಿದೆ, ಎರಡು ಗೆದ್ದೆ, ಎರಡು ಸೋತೆ. ಆಮೇಲೆ ಮೊಣಕಾಲಿನ ಲಿಗಮೆಂಟ್ ಹರಿಯಿತು, ಅಲ್ಲಿಗೆ ಮುಗೀತು. ಬೇಡ ಅಂತ ಹೇಳುವುದಕ್ಕೆ ಬರೆಯುತ್ತಿಲ್ಲ. ಲೆಕ್ಕ ಹೇಳುವುದಕ್ಕೆ ಬರೆಯುತ್ತಿದ್ದೇನೆ, ಯಾಕಂದ್ರೆ ನನಗೆ ಯಾರೂ ಹೇಳಲಿಲ್ಲ.

ಮೊದಲ ಪ್ರೊ ಫೈಟ್‌ಗೆ ನನಗೆ ಸಿಕ್ಕಿದ್ದು 15 ಸಾವಿರ ರೂಪಾಯಿ. ಅದಕ್ಕೆ ಹತ್ತು ವಾರ ತಯಾರಿ. ಜಿಮ್ ಫೀಸು, ಮೊಟ್ಟೆ, ಕೋಳಿ, ಫಿಸಿಯೊ, ರಕ್ತ ಪರೀಕ್ಷೆ ಎಲ್ಲ ಸೇರಿ ಅದರ ಮೂರು ಪಟ್ಟು ನನ್ನ ಕೈಯಿಂದಲೇ ಹೋಗಿತ್ತು. ಇನ್ನೊಂದು ಸಲ ಆರು ಕೆಜಿ ಇಳಿಸಿಕೊಂಡು, ರೈಲಲ್ಲಿ ಎರಡು ರಾತ್ರಿ ಕಳೆದು ಆ ಊರು ತಲುಪಿದರೆ, ಎದುರಾಳಿ ಬರಲ್ಲವಂತೆ ಅಂದರು. ಫೈಟ್ ಇಲ್ಲ ಅಂದ್ರೆ ದುಡ್ಡೂ ಇಲ್ಲ. ಮೊಣಕಾಲಿನ ಆಪರೇಷನ್ ಹೊತ್ತಿಗೆ ಆರೋಗ್ಯ ವಿಮೆಯ ಕಾಗದ ತೆಗೆದು ನೋಡಿದೆ. ಅಪಾಯದ ಆಟವನ್ನು ವೃತ್ತಿಯಾಗಿ ಆಡಿ ಆದ ಗಾಯಕ್ಕೆ ಕೊಡುವುದಿಲ್ಲ ಅಂತ ಅದರಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅಪ್ಪನ ಪಿ.ಎಫ್. ದುಡ್ಡು ಹೋಯಿತು. ಇದನ್ನು ಬರೆಯಲು ಈಗಲೂ ನಾಚಿಕೆ ಆಗುತ್ತದೆ.

ಯು.ಎಫ್.ಸಿ.ಗೆ, ಅಂದರೆ ಈ ಆಟ ನಡೆಸುವ ಅಮೆರಿಕದ ಅತಿ ದೊಡ್ಡ ಸಂಸ್ಥೆಗೆ, ಹೋದರೆ ಕೋಟಿ ಕೋಟಿ ಅಂತಾರೆ. ಅಲ್ಲಿ ಹೊಸಬರಿಗೆ ಬಹಳ ಕಾಲ ನಡೆದುಬಂದ ದರ ಅಂದರೆ, ಇಳಿದರೆ 10 ಸಾವಿರ ಡಾಲರ್, ಗೆದ್ದರೆ ಇನ್ನೊಂದು 10 ಸಾವಿರ, ಇತ್ತೀಚೆಗೆ ಸ್ವಲ್ಪ ಏರಿದೆ. ವರ್ಷಕ್ಕೆ ಎರಡು ಫೈಟ್, ಅದೃಷ್ಟ ಇದ್ದರೆ ಮೂರು. ಅದರಲ್ಲಿ ಕೋಚ್‌ಗೆ, ಮ್ಯಾನೇಜರ್‌ಗೆ, ತೆರಿಗೆಗೆ ಕೊಟ್ಟು ಉಳಿದದ್ದು ನಮ್ಮದು. ಅಲ್ಲಿಗೆ ನಮ್ಮ ದೇಶದಿಂದ ಹೋದವರನ್ನು ಬೆರಳಲ್ಲಿ ಎಣಿಸಬಹುದು.

ಅಂಶುಲ್ ಜುಬ್ಲಿ ಕಥೆ ನಿಮ್ಮ ಮಗನಿಗೆ ಬಾಯಿಪಾಠ ಇರುತ್ತದೆ, ಕೇಳಿ ನೋಡಿ. ಉತ್ತರಾಖಂಡದ ಹುಡುಗ, ಸೈನ್ಯದಲ್ಲಿ ಅಧಿಕಾರಿ ಆಗಲು ಓದುತ್ತಿದ್ದ, ಗಣಿತ ಪಾಠ ಹೇಳುತ್ತಿದ್ದ. 2023ರ ಫೆಬ್ರವರಿಯಲ್ಲಿ, ಯು.ಎಫ್.ಸಿ.ಗೆ ಏಷ್ಯಾದವರನ್ನು ಆರಿಸುವ ರೋಡ್ ಟು ಯು.ಎಫ್.ಸಿ. ಟೂರ್ನಿಯ ಫೈನಲ್‌ನಲ್ಲಿ ಇಂಡೋನೇಷ್ಯಾದ ಜೆಕಾ ಸರಾಗಿಯನ್ನು ಎರಡನೇ ರೌಂಡ್‌ನಲ್ಲಿ ಮುಗಿಸಿ ಕಾಂಟ್ರ್ಯಾಕ್ಟ್ ಗೆದ್ದ. ನಾವೆಲ್ಲ ಜಿಮ್‌ನಲ್ಲಿ ಕುಣಿದಿದ್ದೆವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಬುಧಾಬಿಯಲ್ಲಿ ಮೈಕ್ ಬ್ರೀಡನ್ ಕೈಯಲ್ಲಿ ನಾಕೌಟ್ ಆದ. ಅದಾದ ಮೇಲೆ ಮತ್ತೆ ಇಳಿದದ್ದು 2025ರ ಫೆಬ್ರವರಿಯಲ್ಲಿ, ಸಿಡ್ನಿಯಲ್ಲಿ. ಒಂದು ವರ್ಷದ ಮೇಲಿನ ಕಾಯುವಿಕೆ 19 ಸೆಕೆಂಡ್‌ನಲ್ಲಿ ನಾಕೌಟ್ ಆಗಿ ಮುಗೀತು. ಅವನನ್ನು ಆಡಿಕೊಳ್ಳಲು ಹೇಳುತ್ತಿಲ್ಲ, ನಮ್ಮಲ್ಲಿ ಅವನಷ್ಟು ದೂರ ಹೋದ ಗಂಡುಹುಡುಗರೇ ಇಲ್ಲ ಅನ್ನಬಹುದು. ಅಷ್ಟು ದೂರ ಹೋದವನ ಗತಿಯೇ ಹೀಗೆ ಅಂತ ಹೇಳುತ್ತಿದ್ದೇನೆ.

ಹಾಗಾದ್ರೆ ಏನು ಮಾಡಬೇಕು? ಮೆಕ್ಯಾನಿಕಲ್ ಅಂದಿರಲ್ಲ, ಶೇನ್ ಕಾರ್ವಿನ್ ಬಗ್ಗೆ ಓದಲು ಹೇಳಿ. 2010ರಲ್ಲಿ ಯು.ಎಫ್.ಸಿ. ಹೆವಿವೇಟ್ ಹಂಗಾಮಿ ಚಾಂಪಿಯನ್ ಬೆಲ್ಟ್ ಗೆದ್ದವನು. ಅವನೂ ಮೆಕ್ಯಾನಿಕಲ್ ಎಂಜಿನಿಯರೇ, ಕೊಲರಾಡೊದಲ್ಲಿ ನೀರು ಸರಬರಾಜು ಮಾಡುವ ಕಚೇರಿಯಲ್ಲಿ ಕೆಲಸ ಮಾಡಿಕೊಂಡೇ ಫೈಟ್ ಆಡಿದ. ಸ್ಟೀಪೆ ಮಿಯೊಚಿಚ್ ಅದೇ ಹೆವಿವೇಟ್‌ನಲ್ಲಿ ಚಾಂಪಿಯನ್ ಆದ ಮೇಲೂ ಓಹಾಯೊದಲ್ಲಿ ಫೈರ್ ಸ್ಟೇಷನ್ ಡ್ಯೂಟಿ ಬಿಡಲಿಲ್ಲ. ನಾನು ಮಾಡಿದ ತಪ್ಪು ಇದೇ. ಕೆಲಸ ಬಿಟ್ಟರೆ ದಿನವಿಡೀ ಟ್ರೇನಿಂಗ್ ಮಾಡಬಹುದು ಅಂದುಕೊಂಡೆ, ದೇಹ ದಿನಕ್ಕೆ ಮೂರ್ನಾಲ್ಕು ಗಂಟೆ ತಡೆದರೆ ಹೆಚ್ಚು, ಉಳಿದ ಹೊತ್ತೆಲ್ಲ ರೂಮಲ್ಲಿ ಬಿದ್ದುಕೊಂಡು ಮೊಬೈಲ್ ತಿರುವುತ್ತಾ ಬಾಡಿಗೆ ಬಗ್ಗೆ ಯೋಚಿಸುತ್ತಾ ಕಳೆದೆ. ಐದು ಪ್ರೊ ಫೈಟ್ ಆಗುವ ತನಕ ಕೆಲಸ ಬಿಡಬೇಡ ಅನ್ನಿ. ಈಗ ನಾನು ಅಪಾರ್ಟ್‌ಮೆಂಟ್‌ಗಳಲ್ಲಿ ಬೆಳಗ್ಗೆ ಐ.ಟಿ.ಯವರಿಗೆ ಬಾಕ್ಸಿಂಗ್ ಹೇಳಿಕೊಡುತ್ತೇನೆ. ಫೈಟ್‌ನಲ್ಲಿ ಕಾಣದ ದುಡ್ಡು ಇದರಲ್ಲಿ ಕಂಡೆ, ತಮಾಷೆ ಅಲ್ವಾ.

– ನಾಲ್ಕೇ ಫೈಟ್ ಆಡಿದವನು, ಬೆಂಗಳೂರು

*

ತಾಯಿ, ನನಗೆ ಈಗ 68. ಟಿ.ವಿ.ಯಲ್ಲಿ ಆ ಕೇಜ್ ಕುಸ್ತಿ ನೋಡುತ್ತೇನೆ, ಮೊಮ್ಮಗ ಹಾಕಿಕೊಡುತ್ತಾನೆ. ಮೊದಮೊದಲು ಬೀದಿ ಜಗಳ ಅನ್ನಿಸಿತು. ಆಮೇಲೆ ನೋಡಿದರೆ ಅರ್ಧಕ್ಕರ್ಧ ನಮ್ಮ ಗರಡಿಯ ಪಟ್ಟುಗಳೇ. ಆ ರಷ್ಯಾ ಕಡೆಯ ಖಬೀಬ್ 29 ಕುಸ್ತಿಯಲ್ಲಿ ಒಂದನ್ನೂ ಸೋಲದೆ ಬಿಟ್ಟನಲ್ಲ, ಅವನಿಗೆ ಹೇಳಿಕೊಟ್ಟ ಉಸ್ತಾದ್ ಅವನ ಅಪ್ಪನೇ. ಅಪ್ಪ ತೀರಿಕೊಂಡ ವರ್ಷವೇ, ಅಮ್ಮನಿಗೆ ಮಾತು ಕೊಟ್ಟಿದ್ದೇನೆ ಅಂತ ಆಟ ನಿಲ್ಲಿಸಿದ. ಮೊಮ್ಮಗ ಹೇಳಿದ ಮೇಲೆ ನನಗೆ ಅವನ ಮೇಲೆ ಗೌರವ ಬಂತು.

ನಾನು ಹೇಳುವುದು ಬೇರೆ. ಮೈಸೂರು ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುವುದು ಅಂತ ಇದೆ. ಹಿರಿಯರು ಕೂತು ಹುಡುಗರನ್ನು ಎದುರು ಬದರು ನಿಲ್ಲಿಸಿ ಮೈಕಟ್ಟು, ತೂಕ, ಕಲಿತ ವರ್ಷ ನೋಡಿ ಯಾರಿಗೆ ಯಾರು ಅಂತ ತೀರ್ಮಾನ ಮಾಡುತ್ತಾರೆ. ನಮ್ಮ ಉಸ್ತಾದರು ಒಂದು ಸಲ ನನ್ನನ್ನು ಹಿಂದಕ್ಕೆ ಎಳೆದಿದ್ದರು, ಇವನಿಗೆ ಆ ಜೋಡಿ ಬೇಡ ಅಂತ. ಆಗ ಸಿಟ್ಟು ಬಂದಿತ್ತು, ಊಟ ಬಿಟ್ಟಿದ್ದೆ. ಅರಮನೆಯಲ್ಲಿ ವಿಜಯದಶಮಿ ದಿನ ನಡೆಯುವ ವಜ್ರಮುಷ್ಟಿ ಕಾಳಗವನ್ನೇ ನೋಡಿ, ಕೈಗೆ ಆಯುಧ ಕಟ್ಟಿಕೊಂಡು ಜಟ್ಟಿಗಳು ಹೊಡೆದಾಡುತ್ತಾರೆ, ತಲೆಯಲ್ಲಿ ರಕ್ತ ಚಿಮ್ಮಿದ ತಕ್ಷಣ ಬಿಡಿಸುತ್ತಾರೆ. ಯಾವಾಗ ಬಿಡಿಸಬೇಕು ಅಂತ ಗೊತ್ತಿರುವವರು ಪಕ್ಕದಲ್ಲೇ ನಿಂತಿರುತ್ತಾರೆ.

ನಿಮ್ಮ ಮಗನ ಜೋಡಿ ಕಟ್ಟುವವರು ಯಾರು? ಅವನ ಕೋಚೋ, ಟಿಕೆಟ್ ಮಾರುವವನೋ? ಬಸ್ ಹತ್ತಿ ಬೆಂಗಳೂರಿಗೆ ಹೋಗಿ ಆ ಜಿಮ್‌ನಲ್ಲಿ ಒಂದು ಸಂಜೆ ಕೂತು ನೋಡಿ. ಕೋಚ್ ಆದವನು ಹುಡುಗರನ್ನು ಬಯ್ದರೆ ಹೆದರಬೇಡಿ. ದಿನಾ ಜೋರಾಗಿ ಹೊಡೆದಾಡಿಸಿ ನಗುತ್ತಾ ಮೊಬೈಲ್‌ನಲ್ಲಿ ಹಿಡಿಯುತ್ತಿದ್ದರೆ ಮಗನನ್ನು ಅಲ್ಲಿಂದ ಕರೆದುಕೊಂಡು ಬನ್ನಿ.

– ಹಳೇ ಪೈಲ್ವಾನ, ಮೈಸೂರು

*

ನಮಸ್ಕಾರ ಅಕ್ಕ. ನಾನು ಶಿವಮೊಗ್ಗದವಳು, ಹತ್ತು ವರ್ಷದಿಂದ ನ್ಯೂಜೆರ್ಸಿಯಲ್ಲಿ ನರ್ಸ್. ಮೂಗು ಮುರಿದದ್ದನ್ನು ನೀವು ಎರಡು ಸಲ ಬರೆದಿದ್ದೀರಿ. ಮೂಗು ಬಿಡಿ, ಅದು ಕೂಡಿಕೊಳ್ಳುತ್ತದೆ. ತಲೆಗೆ ಬಿದ್ದ ಪೆಟ್ಟಿನ ಬಗ್ಗೆ ಪತ್ರದಲ್ಲಿ ಒಂದು ಸಾಲೂ ಇಲ್ಲ.

ಯು.ಎಫ್.ಸಿ. 1993ರಲ್ಲಿ ಡೆನ್ವರ್‌ನಲ್ಲಿ ಶುರುವಾದಾಗ ತೂಕದ ವಿಭಾಗವೇ ಇರಲಿಲ್ಲ, ನಿಯಮ ಹೆಸರಿಗಷ್ಟೇ. ಈಗ ಬಹುಪಾಲು ಕಡೆ ನಡೆಯುವ ನಿಯಮ ರೂಪ ಪಡೆದದ್ದು 2000ದ ಆಸುಪಾಸಿನಲ್ಲಿ, ನಮ್ಮ ನ್ಯೂಜೆರ್ಸಿಯ ಸರ್ಕಾರಿ ಮಂಡಳಿಯಲ್ಲೇ. ಇಲ್ಲಿ ಲೈಸೆನ್ಸ್ ಬೇಕೆಂದರೆ ರಕ್ತ, ಕಣ್ಣು ಎಲ್ಲ ಪರೀಕ್ಷೆ ಆಗಬೇಕು. ನಾಕೌಟ್ ಆದವನಿಗೆ ಇಷ್ಟು ದಿನ ಫೈಟ್ ಇಲ್ಲ, ಸ್ಪಾರಿಂಗೂ (ಅಭ್ಯಾಸದ ಹೊಡೆದಾಟ) ಇಲ್ಲ ಅಂತ ಬರೆದು ಕೊಡುತ್ತಾರೆ, ಪಕ್ಕದ ರಾಜ್ಯಕ್ಕೆ ಹೋಗಿ ಆಡುತ್ತೇನೆ ಅಂದರೂ ಬಿಡುವುದಿಲ್ಲ. ಅಷ್ಟಿದ್ದೂ ಇಲ್ಲಿ ಹಾಳಾದವರಿದ್ದಾರೆ. ನಮ್ಮ ದೇಶದಲ್ಲಿ ಅಂಥ ಸರ್ಕಾರಿ ಮಂಡಳಿಯೇ ಇಲ್ಲ. ಹೋದ ತಿಂಗಳು ಇನ್ನೊಂದು ಊರಲ್ಲಿ ಪ್ರಜ್ಞೆ ತಪ್ಪಿ ಬಿದ್ದವನು ಈ ತಿಂಗಳು ನಿಮ್ಮ ಊರಲ್ಲಿ ಇಳಿದರೆ ತಡೆಯುವವರು ಯಾರು? 2022ರ ಜುಲೈನಲ್ಲಿ ಬೆಂಗಳೂರಿನಲ್ಲೇ ಒಂದು ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮುಖಕ್ಕೆ ಪೆಟ್ಟು ಬಿದ್ದು 23ರ ಹುಡುಗ ತೀರಿಕೊಂಡ. ಪಂದ್ಯದ ಜಾಗದಲ್ಲಿ ವೈದ್ಯರಿರಲಿಲ್ಲ, ಆಂಬ್ಯುಲೆನ್ಸ್ ಇರಲಿಲ್ಲ ಎಂದು ಮನೆಯವರು ದೂರಿದ್ದರು. ಇಲ್ಲಿ ಕೂತು ಆ ಸುದ್ದಿ ಓದಿ ಎರಡು ದಿನ ನಿದ್ದೆ ಬಂದಿರಲಿಲ್ಲ.

ಇನ್ನು ತೂಕ ಇಳಿಸುವುದು. ಇದು ಮನೆಯವರ ಕಣ್ಣಿಗೆ ಬೀಳುವುದೇ ಇಲ್ಲ. ಫೈಟ್‌ಗೆ ಮೂರು ನಾಲ್ಕು ದಿನ ಮೊದಲು ನೀರು ಬಿಟ್ಟು, ಬಿಸಿನೀರಿನ ತೊಟ್ಟಿಯಲ್ಲಿ ಕೂತು, ಕಂಬಳಿ ಹೊದ್ದು ಬೆವರಿಳಿಸಿ ಐದಾರು ಕೆಜಿ ಇಳಿಸುತ್ತಾರೆ. 2015ರ ಡಿಸೆಂಬರ್‌ನಲ್ಲಿ ಮನಿಲಾಕ್ಕೆ ಬಂದಿದ್ದ ಚೀನಾದ ಯಾಂಗ್ ಜಿಯಾನ್ ಬಿಂಗ್, 21 ವರ್ಷ, ಹೀಗೆ ತೂಕ ಇಳಿಸಲು ಹೋಗಿ ಕೇಜ್ ಮೆಟ್ಟಿಲು ಹತ್ತುವ ಮೊದಲೇ ತೀರಿಕೊಂಡ. ಆ ಪಂದ್ಯ ನಡೆಸುತ್ತಿದ್ದ ಒನ್ ಚಾಂಪಿಯನ್‌ಶಿಪ್ ಆಮೇಲೆ ಮೂತ್ರ ಪರೀಕ್ಷೆ ಮಾಡಿ, ದೇಹದಲ್ಲಿ ನೀರಿದೆ ಅಂತ ಗೊತ್ತಾದರೆ ಮಾತ್ರ ತೂಕ ಒಪ್ಪುವ ಪದ್ಧತಿ ತಂದಿತು. ನಿಮ್ಮ ಮಗ ಮಾಮೂಲಿ ದಿನಗಳಲ್ಲಿ ಎಷ್ಟು ತೂಗುತ್ತಾನೆ, ಯಾವ ತೂಕದಲ್ಲಿ ಆಡುತ್ತಾನೆ, ಕೇಳಿ. 78 ಇರುವವನು 66ಕ್ಕೆ ಇಳಿಯುತ್ತೇನೆ ಅಂದರೆ ಆ ಫೈಟ್ ಬೇಡವೇ ಬೇಡ ಅನ್ನಿ, ಮೇಲಿನ ವಿಭಾಗದಲ್ಲಿ ಆಡಿ ಸೋತು ಬರಲಿ.

ಮತ್ತೆ, ಒಂದು ಎಂ.ಆರ್.ಐ. ಈಗಲೇ ಮಾಡಿಸಿ ಇಟ್ಟುಕೊಳ್ಳಿ. ಮುಂದೆ ಏನಾದರೂ ಅನುಮಾನ ಬಂದರೆ ಹೋಲಿಸಿ ನೋಡಲು ಒಂದು ಇರಬೇಕಲ್ಲ. ವಾಂತಿ, ವಿಪರೀತ ತಲೆನೋವು, ಬೆಳಕು ಕಂಡರೆ ಆಗದಿರುವುದು, ಕೇಳಿದ್ದನ್ನೇ ಮತ್ತೆ ಕೇಳುವುದು, ಇಷ್ಟರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ.

– ಶಿವಮೊಗ್ಗದ ಹುಡುಗಿ, ನ್ಯೂಜೆರ್ಸಿ

*

ಎಲ್ಲರೂ ನಿಮ್ಮನ್ನು ಹೆದರಿಸಿಯೇ ಬರೆದಿರುತ್ತಾರೆ ಅಂತ ಗೊತ್ತು ಅಕ್ಕಾರ. ನಾನು ವುಶು (ಚೀನಾ ಮೂಲದ ಕಾಳಗದ ಆಟ) ಆಡಿದವಳು, ಈಗ ಶಾಲೆಯಲ್ಲಿ ಪಿ.ಟಿ. ಟೀಚರ್. ಪೂಜಾ ತೋಮರ್ ಕೂಡ ವುಶುವಿನಿಂದಲೇ ಬಂದವಳು. ಮುಜಫ್ಫರ್‌ನಗರದ ಹಳ್ಳಿ ಕಡೆಯ ಹುಡುಗಿ, 2024ರ ಜೂನ್‌ನಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಯು.ಎಫ್.ಸಿ. ಫೈಟ್ ಗೆದ್ದ ಮೊದಲ ಭಾರತೀಯ ಮಹಿಳೆ ಆದಳು. ಮರುವರ್ಷ ಲಂಡನ್ನಿನಲ್ಲಿ ಸೋತಳು, ಅದೂ ಇರಲಿ. ಅವತ್ತು ಅವಳು ಗೆದ್ದಾಗ ನಮ್ಮ ಶಾಲೆ ಹುಡುಗಿಯರು ಮರುದಿನ ಗ್ರೌಂಡ್‌ನಲ್ಲಿ ಕಿಕ್ ಮಾಡುತ್ತಾ ನಿಂತಿದ್ದರು, ನಾನೇನೂ ಹೇಳಿಕೊಟ್ಟಿರಲಿಲ್ಲ.

ಒಂದು ವ್ಯವಹಾರದ ಮಾತು. ಕುಸ್ತಿ, ಬಾಕ್ಸಿಂಗ್, ವುಶುವಿನಲ್ಲಿ ರಾಷ್ಟ್ರೀಯ ಪದಕ ಬಂದರೆ ಪೊಲೀಸ್, ರೈಲ್ವೆ, ಸೈನ್ಯದಲ್ಲಿ ಕ್ರೀಡಾ ಕೋಟಾ ಅಂತ ಒಂದು ಬಾಗಿಲು ಇದೆ. ಎಂ.ಎಂ.ಎ.ಯಲ್ಲಿ ಗೆದ್ದ ಬೆಲ್ಟ್ ತೋರಿಸಿ ನೌಕರಿ ಕೇಳಿದರೆ ನಗುತ್ತಾರೆ. 24 ದೊಡ್ಡ ವಯಸ್ಸಲ್ಲ, ಒಂದು ವರ್ಷ ವುಶುವೋ ಕುಸ್ತಿಯೋ ಆಡಲಿ. ಕೇಜ್‌ನಲ್ಲೂ ಅದು ಕೈ ಹಿಡಿಯುತ್ತದೆ.

– ಪಿ.ಟಿ. ಟೀಚರ್, ಹುಬ್ಬಳ್ಳಿ

*

ಮದುವೆ ಮಾಡಿದರೆ ಸರಿಹೋಗುತ್ತಾನೆ ಅಂತ ನಿಮ್ಮ ನಾದಿನಿ ಹೇಳಿದ್ದಾಗಿ ಬರೆದಿದ್ದೀರಿ. ದಯವಿಟ್ಟು ಬೇಡ. ಇಲ್ಲಿ ಇನ್ನೊಬ್ಬರ ಮಗಳು ಎಂ.ಆರ್.ಐ. ರಿಪೋರ್ಟ್ ಹಿಡಿದುಕೊಂಡು ಅಳುತ್ತಾ ಕೂರುವುದು ಬೇಡ.

– ಇಬ್ಬರು ಹೆಣ್ಣುಮಕ್ಕಳ ತಾಯಿ, ತುಮಕೂರು

*

ಇದು ನಿಮ್ಮ ಯಜಮಾನರಿಗೆ, ಓದಿ ಹೇಳಿ. ಸಾರ್, ನಾನೂ ಮಗನ ಜೊತೆ ಮಾತು ಬಿಟ್ಟವನೇ. ಅವನು ಬಾಕ್ಸಿಂಗ್ ಆಡುತ್ತಿದ್ದ. ಬ್ಯಾಂಕಿನಲ್ಲಿ 31 ವರ್ಷ ದುಡಿದವನು ನಾನು, ಮಗ ರಿಂಗ್‌ನಲ್ಲಿ ಹೊಡೆಸಿಕೊಳ್ಳುವುದನ್ನು ನೆನೆದರೆ ಮೈ ಉರಿಯುತ್ತಿತ್ತು. ಮೌನವಾಗಿದ್ದರೆ ದಾರಿಗೆ ಬರುತ್ತಾನೆ ಅಂದುಕೊಂಡೆ. ಬರಲಿಲ್ಲ, ಹೇಳುವುದನ್ನು ನಿಲ್ಲಿಸಿದ ಅಷ್ಟೆ. ಸೋತರೆ ಅಪ್ಪ ‘ನೋಡಿದೆಯಾ’ ಅಂತಾರೆ, ಪೆಟ್ಟಾದರೆ ‘ಹೇಳಿರಲಿಲ್ವಾ’ ಅಂತಾರೆ ಅಂತ ಅವನಿಗೆ ಗೊತ್ತಿತ್ತು. ಅದಕ್ಕೆ ಗೆದ್ದದ್ದನ್ನು ಅಮ್ಮನಿಗೆ ಹೇಳುತ್ತಿದ್ದ, ಪೆಟ್ಟು ತಿಂದದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ. ನರ್ಸ್‌ಗಳು, ಡಾಕ್ಟರ್‌ಗಳು ನಿಮಗೆ ಲಕ್ಷಣ ಬರೆದು ಕಳಿಸಿರುತ್ತಾರೆ. ಆ ಲಕ್ಷಣ ಕಾಣಬೇಕಾದರೆ ಹುಡುಗ ನಿಮ್ಮ ಕಣ್ಣೆದುರು ಇರಬೇಕಲ್ಲ, ಇಲ್ಲವೇ ಫೋನಾದರೂ ಮಾಡಬೇಕಲ್ಲ.

ನಾವು ಮಾತು ಬಿಟ್ಟ ಎಂಟು ತಿಂಗಳಲ್ಲಿ ಅವನು ಒಂದು ಸಲ ಪ್ರಜ್ಞೆ ತಪ್ಪಿ ಬಿದ್ದಿದ್ದನಂತೆ. ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದನಂತೆ. ಅದು ನನಗೆ ಗೊತ್ತಾದದ್ದು ಮೂರು ತಿಂಗಳು ಕಳೆದ ಮೇಲೆ, ದಿನಸಿ ಅಂಗಡಿಯಲ್ಲಿ ಸಾಲಿನಲ್ಲಿ ನಿಂತಿದ್ದಾಗ, ಅವನ ಸ್ನೇಹಿತನ ಅಪ್ಪ ‘ಈಗ ಹೇಗಿದ್ದಾನೆ ಸಾರ್ ಮಗ?’ ಅಂತ ಕೇಳಿದಾಗ.

– ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ