ಸಹೋದ್ಯೋಗಿಯ ಬಾಲ್ಯ ತಿಳಿದ ಮೇಲೆ ಅವರ ಕಾಟವನ್ನು ಏನು ಮಾಡುವುದು?

ಕೇಳಿದವರು:
ನಮ್ಮ ತಂಡದಲ್ಲಿ ಏಳು ಮಂದಿ. ಅವರಲ್ಲೊಬ್ಬರು ಕೆಲಸದಲ್ಲಿ ಬಹಳ ಚುರುಕು. ಆದರೆ ಬೇರೆಯವರ ತಪ್ಪು ಕೈಗೆ ಸಿಕ್ಕಿತೆಂದರೆ ಅದನ್ನು ಸಭೆಯಲ್ಲಿ ಎಲ್ಲರೆದುರೇ ಬಿಚ್ಚಿಡುತ್ತಾರೆ. ಅವರದೇ ತಪ್ಪನ್ನು ಯಾರಾದರೂ ತೋರಿಸಿದರೆ ಮಾತು ಬಿಡುತ್ತಾರೆ. ಎದುರು ಸಿಕ್ಕಿ ಮಾತನಾಡಿಸಿದರೂ ಉತ್ತರವಿಲ್ಲ, ಇಮೇಲ್ ಬರೆದರೂ ಉತ್ತರವಿಲ್ಲ. ಕಳೆದ ಸಲ ಇದು ಒಂಬತ್ತು ದಿನ ನಡೆಯಿತು. ಹೋದ ತಿಂಗಳು ಮಾತಿನ ನಡುವೆ ಅವರೇ ಹೇಳಿದರು: ಚಿಕ್ಕಂದಿನಲ್ಲಿ ಅವರ ಮನೆಯಲ್ಲಿ ತಪ್ಪು ಮಾಡಿದ ಮಗುವಿನೊಂದಿಗೆ ಯಾರೂ ಮಾತನಾಡಬಾರದೆಂಬ ನಿಯಮವಿತ್ತಂತೆ. ಎಷ್ಟು ದಿನ ಎಂಬುದನ್ನು ತಂದೆ ತೀರ್ಮಾನಿಸುತ್ತಿದ್ದರಂತೆ. ಇದನ್ನು ಅವರು ನಗುತ್ತಲೇ ಹೇಳಿದರು. ಅಂದಿನಿಂದ ನನಗೆ ಅವರ ಮೇಲೆ ನೆಟ್ಟಗೆ ಸಿಟ್ಟು ಮಾಡಿಕೊಳ್ಳಲೂ ಆಗುತ್ತಿಲ್ಲ. ಇಂಥವರ ಜೊತೆ ಕೆಲಸ ಮಾಡಿದವರಿದ್ದರೆ ಹೇಳಿ, ಹಿನ್ನೆಲೆ ಗೊತ್ತಾದ ಮೇಲೆ ನೀವು ಏನು ಮಾಡಿದಿರಿ?

ಲೆಕ್ಕಪತ್ರ ವಿಭಾಗದಲ್ಲಿರುವವರು:
ನಾನು ಮಾಡಿದ್ದು ತಪ್ಪು, ಅದನ್ನೇ ಮೊದಲು ಹೇಳುತ್ತೇನೆ. ಪಕ್ಕದ ಮೇಜಿನವರ ಬಾಲ್ಯದ ಕಥೆ ಕೇಳಿ ಮರುಗಿ, ಎರಡು ವರ್ಷ ಅವರ ಎಲ್ಲ ಆರ್ಭಟಕ್ಕೂ ಕಿವಿಗೊಟ್ಟೆ. ಅವರು ಕೂಗಾಡಿದಾಗ "ಪಾಪ, ಬೆಳೆದ ಮನೆಯೇ ಹಾಗಿತ್ತು" ಎಂದು ಸುಮ್ಮನಾದೆ. ಅವರು ಅರ್ಧಕ್ಕೆ ಬಿಟ್ಟ ಲೆಕ್ಕಗಳನ್ನು ಕೂತು ತಾಳೆ ಹಾಕಿದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೂರನೆಯ ವಾರದಲ್ಲೇ ಕೇಳಿದಳು: "ಅವರೊಂದಿಗೆ ಏನು ಹೇಳುವುದಿದ್ದರೂ 'ಕ್ಷಮಿಸಿ' ಎಂದೇ ಶುರು ಮಾಡುತ್ತೀರಲ್ಲ, ನೀವು ಮಾಡಿದ ತಪ್ಪೇನು?" ನನ್ನ ಬಳಿ ಉತ್ತರವಿರಲಿಲ್ಲ. ಆಮೇಲೊಂದು ದಿನ ಅವರು ಆ ಹುಡುಗಿಯ ಮೇಲೆಯೇ ಹರಿಹಾಯ್ದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಕರುಣೆ ತೋರಿಸಿದವಳು ನಾನು, ಅದರ ದಂಡ ಕಟ್ಟಿದವಳು ಅವಳು.

ಅದಾದ ಮೇಲೆ ಒಂದೇ ವಾಕ್ಯ ಕಲಿತೆ: "ಈ ದನಿಯಲ್ಲಾದರೆ ನಾನು ಮಾತು ಮುಂದುವರಿಸುವುದಿಲ್ಲ, ಅರ್ಧ ಗಂಟೆ ಬಿಟ್ಟು ಬರುತ್ತೇನೆ." ಹೇಳಿ ಎದ್ದು ಹೋಗುವುದು, ಅರ್ಧ ಗಂಟೆಗೆ ಸರಿಯಾಗಿ ಹಿಂದಿರುಗುವುದು. ಹಿಂದಿರುಗುವುದೇ ಮುಖ್ಯ. ಎದ್ದು ಹೋದವರು ಹೇಳಿದ ಹೊತ್ತಿಗೆ ಮರಳಿ ಬರುತ್ತಾರೆ ಎಂಬುದನ್ನು ಅವರು ಬಹುಶಃ ಕಂಡೇ ಇರಲಿಲ್ಲ. ನಾಲ್ಕನೆಯ ಸಲಕ್ಕೆ ದನಿ ತಗ್ಗಿತು. ಸ್ನೇಹಿತರಾದೆವು ಎನ್ನಲಾರೆ.

ಮನೋವಿಜ್ಞಾನ ಪಾಠ ಮಾಡುವವರು:
"ಟಾಕ್ಸಿಕ್" ಎಂಬ ಪದ ಈಗೀಗ ಪದೇ ಪದೇ ಗಡಿಯಾರ ನೋಡುವ ಮೇಲಧಿಕಾರಿಯಿಂದ ಹಿಡಿದು ಕೈ ಎತ್ತುವವನವರೆಗೆ ಎಲ್ಲರಿಗೂ ಅಂಟುತ್ತಿದೆ. ನೀವು ಹಾಗೆ ಮಾಡದೆ ನಡೆದದ್ದನ್ನು ನಡೆದಂತೆ ಬರೆದಿದ್ದೀರಿ, ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಮಕ್ಕಳು ನೋಡಿ ಕಲಿಯುತ್ತಾರೆ ಎಂಬುದಕ್ಕೆ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರ 1961ರ ಪ್ರಯೋಗ ಪ್ರಸಿದ್ಧ. ದೊಡ್ಡವರೊಬ್ಬರು ಗೊಂಬೆಯನ್ನು ಹೊಡೆಯುವುದನ್ನು ಕಂಡ ಎಷ್ಟೋ ಮಕ್ಕಳು ಹಾಗೆಯೇ ಹೊಡೆದವು, ದೊಡ್ಡವರ ಬಾಯಿಂದ ಬಂದ ಮಾತುಗಳನ್ನೂ ಆಡಿದವು. ಮಾತು ಬಿಡುವುದನ್ನೂ ಒಬ್ಬರು ಹೀಗೆ ಕಲಿತಿರಬಹುದು. ಇನ್ನು ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್ 1990ರಲ್ಲಿ ಬಾಂಧವ್ಯ ಸಿದ್ಧಾಂತವನ್ನು, ಅಂದರೆ ಚಿಕ್ಕಂದಿನಲ್ಲಿ ಸಾಕಿದವರೊಂದಿಗಿದ್ದ ನಂಟು ಮುಂದಿನ ಸಂಬಂಧಗಳನ್ನೂ ರೂಪಿಸುತ್ತದೆ ಎಂಬ ವಿಚಾರವನ್ನು, ಉದ್ಯೋಗಕ್ಕೆ ಅನ್ವಯಿಸಿ ನೋಡಿದರು. ಸಂಬಂಧಗಳಲ್ಲಿ ಆತಂಕ ಪಡುವವರಿಗೆ ಕೆಲಸದಲ್ಲೂ ತಿರಸ್ಕಾರದ ಭಯ. ಹತ್ತಿರ ಬರಲು ಹಿಂಜರಿಯುವವರು ಜನರಿಂದ ತಪ್ಪಿಸಿಕೊಳ್ಳಲು ಕೆಲಸವನ್ನೇ ಆಸರೆ ಮಾಡಿಕೊಳ್ಳುತ್ತಾರೆ.

ಬಾಲ್ಯ ಕಷ್ಟದ್ದಾಗಿದ್ದರೆ ಸ್ವಭಾವವೂ ಒರಟೇ ಎಂದು ಇದನ್ನು ತಿರುಗಿಸಿ ಓದಬೇಡಿ ಎಂದು ಪ್ರತಿ ವರ್ಷ ತರಗತಿಯಲ್ಲಿ ಗಂಟಲು ಹರಿದುಕೊಳ್ಳುತ್ತೇನೆ. ಬಾಲ್ಯದ ಕಹಿ ಅನುಭವಗಳಿಗೂ ದೊಡ್ಡವರಾದ ಮೇಲಿನ ಆರೋಗ್ಯಕ್ಕೂ ನಂಟಿದೆ ಎಂದು ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಮುಂತಾದವರು 1998ರಲ್ಲಿ ತೋರಿಸಿದರು. ಅಂಥ ಅನುಭವಗಳನ್ನು ಎಣಿಸಿ ಕೊಡುವ ಅಂಕವನ್ನು ಒಬ್ಬ ವ್ಯಕ್ತಿಯ ಭವಿಷ್ಯ ಅಳೆಯಲು ಬಳಸಬೇಡಿ ಎಂದು ಎಚ್ಚರಿಸಿದವರಲ್ಲಿ 2020ರಲ್ಲಿ ಅದೇ ಆಂಡಾ ಇದ್ದರು. ಕಷ್ಟದ ಮನೆಯಲ್ಲಿ ಬೆಳೆದು ಮೃದುವಾದವರು ನಿಮ್ಮ ತಂಡದಲ್ಲೇ ಇರಬಹುದು. ಅವರು ಸದ್ದು ಮಾಡುವುದಿಲ್ಲವಾದ್ದರಿಂದ ಅವರ ಬಾಲ್ಯದ ಬಗ್ಗೆ ಯಾರೂ ವಿಚಾರಿಸುವುದಿಲ್ಲ, ಅಷ್ಟೇ.

ಹಿಂದೊಮ್ಮೆ ಕಾಟ ಕೊಡುತ್ತಿದ್ದವರು:
ನಿಮ್ಮ ಪ್ರಶ್ನೆ ಓದಿ, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಂಡೆ. ನಾನು ಹೀಗೆಯೇ ಇದ್ದೆ.

ನಾವು ನಾಲ್ವರು ಮಕ್ಕಳು. ಏನಾದರೂ ಒಡೆದರೆ "ಯಾರು ಮಾಡಿದ್ದು?" ಎಂಬ ಪ್ರಶ್ನೆ ಬರುತ್ತಿತ್ತು. ಮೊದಲು ಬೆರಳು ತೋರಿಸಿದವರು ಪಾರಾಗುತ್ತಿದ್ದರು. ನಾನು ಕಿರಿಯವನು, ಓಡಲು ಬರುತ್ತಿರಲಿಲ್ಲ, ಅದಕ್ಕೇ ಬೇಗ ಬೆರಳು ತೋರಿಸಲು ಕಲಿತೆ. ಮೂವತ್ತೈದು ದಾಟಿದ ಮೇಲೂ ಸಭೆಯಲ್ಲಿ "ಈ ವರದಿ ಯಾಕೆ ತಡವಾಯಿತು?" ಎಂದರೆ ಪ್ರಶ್ನೆ ಮುಗಿಯುವ ಮೊದಲೇ ಇನ್ನೊಬ್ಬರ ಹೆಸರು ನನ್ನ ಬಾಯಲ್ಲಿರುತ್ತಿತ್ತು. ದ್ವೇಷವಿರಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಬಾಯಿ ತಾನಾಗಿ ತೆರೆಯುತ್ತಿತ್ತು. ನಾನು ಅದನ್ನು "ನೇರ ನುಡಿ" ಎಂದು ಕರೆದುಕೊಳ್ಳುತ್ತಿದ್ದೆ. ನೇರವಾಗಿ ನನ್ನ ತಪ್ಪು ಹೇಳಿಕೊಂಡದ್ದು ಒಂದು ಸಲವೂ ನೆನಪಿಲ್ಲ.

ಬಾಲ್ಯ ಕೇಳಿ ಮರುಗಿದವರಿಂದ ನಾನು ಬದಲಾಗಲಿಲ್ಲ. ನಿಜ ಹೇಳಬೇಕೆಂದರೆ ಆ ಕಥೆಯನ್ನು ಯಾರಿಗೆ, ಯಾವಾಗ ಹೇಳಬೇಕು ಎಂಬ ಲೆಕ್ಕವೂ ನನಗೆ ಗೊತ್ತಿತ್ತು. ನಿಮ್ಮವರು ಹಾಗೆಂದು ಹೇಳುತ್ತಿಲ್ಲ, ನನ್ನ ವಿಷಯ ಹೇಳುತ್ತಿದ್ದೇನೆ. ಬದಲಾಯಿಸಿದ್ದು ಹೊಸ ಮೇಲಧಿಕಾರಿ. ನಾನು ಎಂದಿನಂತೆ ಹೆಸರು ಹೇಳಿದಾಗ ಅವರು ತಲೆ ಎತ್ತದೆ, "ಯಾರು ಎಂದು ಕೇಳಲಿಲ್ಲ. ಯಾವಾಗ ಸರಿಹೋಗುತ್ತದೆ ಎಂದು ಕೇಳಿದೆ" ಎಂದರು. ಮುಂದಿನ ವಾರವೂ ಅದೇ ಮಾತು, ಅದರ ಮುಂದಿನ ವಾರವೂ ಅದೇ. ಬೆರಳು ತೋರಿಸಿ ಪ್ರಯೋಜನವಿಲ್ಲದ ಜಾಗವೂ ಇರುತ್ತದೆ ಎಂದು ಗೊತ್ತಾಗಲು ಏಳೆಂಟು ತಿಂಗಳು ಹಿಡಿಯಿತು. ಆಮೇಲೆ ಆಪ್ತಸಮಾಲೋಚನೆಗೂ ಹೋದೆ, ಅದು ಬೇರೆ ಕಥೆ. ಹಳೆಯ ಸಹೋದ್ಯೋಗಿಗಳಲ್ಲಿ ಇಬ್ಬರಿಗೆ ಪತ್ರ ಬರೆದೆ. ಒಬ್ಬರು ಉತ್ತರಿಸಲಿಲ್ಲ. ಉತ್ತರಿಸಬೇಕಾಗಿಯೂ ಇರಲಿಲ್ಲ.

ಮಾರಾಟ ವಿಭಾಗದವರು:
ಎಲ್ಲವನ್ನೂ ಅಪ್ಪ ಅಮ್ಮನ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ನಮ್ಮಲ್ಲಿ ತಿಂಗಳಿಗೊಮ್ಮೆ ಎಲ್ಲರ ಹೆಸರನ್ನೂ ಮಾರಾಟದಲ್ಲಿ ಮೊದಲಿನವರಿಂದ ಕೊನೆಯವರವರೆಗೆ ಸಾಲಾಗಿ ಬರೆದು ಗೋಡೆಗೆ ಅಂಟಿಸುತ್ತಿದ್ದರು. ಮುದ್ದಿನಿಂದ ಬೆಳೆದವರೂ ಗ್ರಾಹಕರ ಪಟ್ಟಿ ಬಚ್ಚಿಡತೊಡಗಿದರು, ನಾನೂ ಬಚ್ಚಿಟ್ಟೆ. ಆ ಹಾಳೆ ಗೋಡೆಯಿಂದ ಇಳಿದ ಮೇಲೆ ಮುಕ್ಕಾಲು ಪಾಲು ಕಿರಿಕಿರಿ ತಾನಾಗಿ ಇಳಿಯಿತು. ಪರಿಸ್ಥಿತಿಯನ್ನು ಬಿಟ್ಟು ಸ್ವಭಾವವನ್ನೇ ದೂರುವ ನಮ್ಮ ಚಾಳಿಗೆ ಮನೋವಿಜ್ಞಾನಿ ಲೀ ರಾಸ್ 1977ರಲ್ಲೇ "ಮೂಲಭೂತ ಆರೋಪಣಾ ದೋಷ" ಎಂದು ಹೆಸರಿಟ್ಟಿದ್ದಾರೆ. ನಿಮ್ಮ ಸಭೆಯಲ್ಲಿ ಇನ್ನೊಬ್ಬರ ತಪ್ಪು ಎತ್ತಿದವರಿಗೆ ಶಹಬ್ಬಾಸ್‌ಗಿರಿ ಸಿಗುತ್ತಿದೆಯೇ, ಅದನ್ನು ಮೊದಲು ಗಮನಿಸಿ.

ಸಿಬ್ಬಂದಿ ವಿಭಾಗದಲ್ಲಿದ್ದವರು:
ಚಿಕ್ಕದಾಗಿ ಹೇಳುತ್ತೇನೆ. ಮಾತು ಬಿಟ್ಟವರಿಗೆ ಹೀಗೆ ಬರೆಯಿರಿ: "ಗುರುವಾರ ಸಂಜೆಯೊಳಗೆ ಉತ್ತರ ಬರದಿದ್ದರೆ ಎರಡನೆಯ ಆಯ್ಕೆಯೊಂದಿಗೆ ಮುಂದುವರಿಯುತ್ತೇನೆ." ಆಗ ಅವರ ಮೌನದಿಂದ ನಿಮ್ಮ ಕೆಲಸ ನಿಲ್ಲುವುದಿಲ್ಲ. ನಡೆದದ್ದನ್ನು ದಿನಾಂಕ ಸಮೇತ ಬರೆದಿಡಿ, ವಿಶೇಷಣ ಬೇಡ. "ಅವಮಾನಿಸಿದರು" ಎಂಬುದಕ್ಕಿಂತ "ಆರು ಜನರ ಎದುರು ಹೀಗೆಂದರು" ಎಂಬುದು ನಿಲ್ಲುತ್ತದೆ. ದೂರು ಕೊಡುವುದಾದರೆ ಅದರಲ್ಲಿ ಅವರ ಬಾಲ್ಯದ ಒಂದಕ್ಷರವೂ ಇರಕೂಡದು, ಅದು ಅವರು ನಂಬಿ ಹೇಳಿದ್ದು. ಬೆದರಿಕೆ, ಲೈಂಗಿಕ ಕಿರುಕುಳ, ಕೈಮಾಡುವುದು ಇದ್ದರೆ ಹಿನ್ನೆಲೆ ತಿಳಿಯುವ ಗೋಜಿಗೇ ಹೋಗದೆ ಅಂದೇ ದೂರು ಕೊಡಿ.

ಕೇಳಿದವರು:
ಎಲ್ಲರ ಮಾತನ್ನೂ ಓದಿದೆ. "ಕ್ಷಮಿಸಿ ಎಂದೇ ಶುರು ಮಾಡುತ್ತೀರಲ್ಲ" ಎಂಬಲ್ಲಿ ನಿಂತುಬಿಟ್ಟೆ. ತಂಡದ ಉಳಿದ ಐದು ಜನರಿಗೆ ಆ ಒಂಬತ್ತು ದಿನ ಅಷ್ಟೇನೂ ಕಾಡಲಿಲ್ಲ, ನನಗೆ ಮಾತ್ರ ನಿದ್ದೆ ಬಂದಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಮಾತು ಬಿಡುತ್ತಿರಲಿಲ್ಲ, ಆದರೆ ಅಮ್ಮ ಪಾತ್ರೆ ಇಡುವ ಸದ್ದಿನಲ್ಲೇ ಅಂದಿನ ಹವಾಮಾನ ತಿಳಿಯುತ್ತಿದ್ದವಳು ನಾನು. ಸದ್ದು ಜೋರಾದರೆ ಕೇಳದೆಯೇ ಹೋಗಿ ಕೆಲಸಕ್ಕೆ ಕೈ ಹಚ್ಚುತ್ತಿದ್ದೆ. ಹೀಗೆ ನೋಡಿದರೆ ಬಾಲ್ಯವನ್ನು ಕಚೇರಿಗೆ ತಂದವರು ಅವರೊಬ್ಬರೇ ಅಲ್ಲ.

ನಿನ್ನೆ ಮತ್ತೆ ಮೌನ ಶುರುವಾಯಿತು. ಈ ಸಲ ಸಮಾಧಾನ ಮಾಡಲು ಅವರ ಮೇಜಿನ ಬಳಿ ಹೋಗಲಿಲ್ಲ. ಗುರುವಾರದ ಇಮೇಲ್ ಕಳುಹಿಸಿದೆ, ಸಿಕ್ಕಾಗ ಎಂದಿನಂತೆ ಮಾತನಾಡಿಸಿದೆ. ಉತ್ತರ ಇನ್ನೂ ಬಂದಿಲ್ಲ. ಎರಡನೆಯ ಆಯ್ಕೆಯ ಕಡತ ಸಿದ್ಧವಾಗಿದೆ.