ಸಹಾಯ ಬೇಕು: ಗಂಡು ನಾಯಿ ಸೆಮೆನ್ ರಿಪೋರ್ಟ್ ಸರಿ ಇಲ್ಲ
ಎಲ್ರಿಗೂ ನಮಸ್ಕಾರ, ನಮ್ಮ ಲ್ಯಾಬ್ರಡಾರ್ ಗಂಡು ನಾಯಿಗೆ ಐದು ವರ್ಷ, ಮೊದ್ಲು ಕ್ರಾಸ್ ಮಾಡಿಸ್ದಾಗೆಲ್ಲ ಮರಿ ಆಗ್ತಿತ್ತು, ಈಗ ಯಾವ ಹೆಣ್ಣೂ ಗಬ್ಬ ನಿಲ್ತಿಲ್ಲ. ಸೆಮೆನ್ ಟೆಸ್ಟಲ್ಲಿ ಕೌಂಟ್ ಸರಿಯಾಗೇ ಇದೆ ಆದ್ರೆ ಅರ್ಧಕ್ಕಿಂತ ಜಾಸ್ತಿ ವೀರ್ಯಾಣುಗೆ ಬಾಲ ಸುರುಳಿ ಸುತ್ಕೊಂಡಿದೆ, ಇನ್ನು ಕೆಲವಕ್ಕೆ ಕುತ್ತಿಗೆ ಹತ್ರ ಸಣ್ಣ ಹನಿ ಅಂಟ್ಕೊಂಡಿದೆ. ಬ್ರೂಸೆಲ್ಲಾ (ಮರಿ ಆಗದ ಹಾಗೆ ಮಾಡೋ ಒಂದು ಬ್ಯಾಕ್ಟೀರಿಯಾ ಸೋಂಕು) ಟೆಸ್ಟ್ ನೆಗೆಟಿವ್. ಹಿಂದೆ ಜೋರು ಜ್ವರ ಬಂದಿತ್ತು, ಅದರಿಂದ ಆಗಿರ್ಬೋದು, ಹೊಸ ವೀರ್ಯಾಣು ತಯಾರಾಗೋಕೆ ಸುಮಾರು 62 ದಿನ ಬೇಕು, ಕಾದು ಮತ್ತೆ ಟೆಸ್ಟ್ ಮಾಡೋಣ ಅಂತಾರೆ ಡಾಕ್ಟ್ರು. ಟೆಸ್ಟೋಸ್ಟೆರಾನ್ (ಗಂಡು ಹಾರ್ಮೋನ್) ಇಂಜೆಕ್ಷನ್ ಹಾಕ್ಸಿ ಅಂತ ಕೆಲವ್ರು ಹೇಳಿದ್ರು, ಆದ್ರೆ ಅದನ್ನ ಹೊರಗಿಂದ ಕೊಟ್ರೆ ವೀರ್ಯ ಉತ್ಪತ್ತಿನೇ ಕಮ್ಮಿ ಆಗತ್ತೆ, ದಯವಿಟ್ಟು ಅದನ್ನ ಹೇಳ್ಬೇಡಿ. ಟೆಸ್ಟ್ ಮಾಡೋ ಗಾಜಿನ ಸ್ಲೈಡ್ ತಣ್ಣಗಿದ್ರೂ ಬಾಲ ಸುತ್ಕೊಳತ್ತೆ ಅಲ್ವಾ, ಬೇರೆ ಲ್ಯಾಬಲ್ಲಿ ತೋರಿಸ್ಲಾ? ಪ್ರಾಸ್ಟೇಟ್ (ವೀರ್ಯದ ದ್ರವ ಮಾಡೋ ಗ್ರಂಥಿ) ಸ್ಕ್ಯಾನ್ ಈಗ್ಲೇ ಬೇಕಾ? ಹೀಗಾಗಿ ಆಮೇಲೆ ಸರಿಹೋದ ನಾಯಿ ಯಾರ ಹತ್ರ ಇದ್ರೂ ಪ್ಲೀಸ್ ಹೇಳಿ, ತುಂಬಾ ಚಿಂತೆ ಆಗಿದೆ.